ಅಮ್ಮನ ನಾಲ್ಕು ಪ್ರಶ್ನೆಗಳು: ಕಾಲೇಜಿನ ಪ್ರಬಂಧವನ್ನು ಕಟ್ಟುವ ಬಗೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹತ್ತನೆಯ ತರಗತಿಯ ಮಕ್ಕಳಿಗೂ ಕಾಲೇಜಿನಲ್ಲಿ ಓದುತ್ತಿರುವ ಹಳೆ ವಿದ್ಯಾರ್ಥಿಗಳಿಗೂ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



1977ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟ ಮೊದಲ ತಂಡದಲ್ಲಿ ನಾನೂ ಒಬ್ಬ. ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದೆ. ಲೆಕ್ಕವಿಲ್ಲದಷ್ಟು ಉತ್ತರಪತ್ರಿಕೆಗಳನ್ನು ತಿದ್ದಿದೆ. ಸಂಘಟಕರು ಫೋನ್ ಮಾಡಿ, "ನಿಮ್ಮ ಅನುಭವದ ನಾಲ್ಕು ಮಾತು ಹೇಳಿ" ಎಂದರು. ಅನುಭವ ಹೇಳಲು ಹೊರಟ ನಿವೃತ್ತ ಮಾಸ್ಟ್ರು ನಾಲ್ಕೇ ಮಾತಿಗೆ ನಿಲ್ಲಿಸಿದ್ದು ಎಲ್ಲೂ ಇಲ್ಲ. ಹಾಗಾಗಿ ಒಂದೇ ವಿಷಯ ಹಿಡಿದುಕೊಳ್ಳುತ್ತೇನೆ: ಕಾಲೇಜಿಗೆ ಹೋದ ಮೇಲೆ ಪ್ರಬಂಧ ಬರೆಯುವುದು ಹೇಗೆ. ಇದನ್ನೇ ಆರಿಸಿದ್ದಕ್ಕೆ ಕಾರಣವಿದೆ. ಒಂದು ಪ್ರಬಂಧದಿಂದಾಗಿ ನನ್ನ ಓದು ನಿಂತುಹೋಗುವುದರಲ್ಲಿತ್ತು.

ಬಿಎ ಮೊದಲ ವರ್ಷ, 1979. ಅರ್ಥಶಾಸ್ತ್ರದ ಉಪನ್ಯಾಸಕರು "ನಮ್ಮ ಜಿಲ್ಲೆಯ ಬ್ಯಾಂಕುಗಳು ಮತ್ತು ಜನಸಾಮಾನ್ಯರು" ಎಂಬ ವಿಷಯ ಕೊಟ್ಟು, ಕನ್ನಡದಲ್ಲೂ ಬರೆಯಬಹುದು ಎಂದಿದ್ದರು. ಆಗ ಉಡುಪಿ ಬೇರೆ ಜಿಲ್ಲೆಯಾಗಿರಲಿಲ್ಲ. ಅದು ಆದದ್ದು 1997ರಲ್ಲಿ. ನಾನು ಗ್ರಂಥಾಲಯದಲ್ಲಿ ಕುಳಿತು ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರಿಂದ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1969ರ ಜುಲೈ 19ರಂದು ರಾಷ್ಟ್ರೀಕರಣವಾದ ಹದಿನಾಲ್ಕು ಬ್ಯಾಂಕುಗಳಲ್ಲಿ ನಮ್ಮ ಜಿಲ್ಲೆಯವು ಎರಡು. ಒಂದೇ ಒಂದು ಇಸವಿ ತಪ್ಪಿರಲಿಲ್ಲ. "ಮಾನವನು ಸಂಘಜೀವಿ" ಎಂದು ಆರಂಭಿಸಿ, "ಒಟ್ಟಿನಲ್ಲಿ ಬ್ಯಾಂಕುಗಳು ದೇಶದ ಬೆನ್ನೆಲುಬು" ಎಂದು ಮುಗಿಸಿ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಕೊಟ್ಟೆ.

ಇಪ್ಪತ್ತಕ್ಕೆ ಐದು ಅಂಕ ಬಂತು. ಕೆಳಗೆ ಒಂದು ಷರಾ: "ಇದು ಪಂಚಾಂಗ. ಪ್ರಬಂಧ ಎಲ್ಲಿ?"

ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಎಲ್ಲರೂ ನಕ್ಕರು. ಸರಕಾರಿ ಹೈಸ್ಕೂಲಿನಿಂದ ಬಂದವನು, ಮನೆಯಲ್ಲಿ ಕಾಲೇಜು ಕಂಡ ಮೊದಲಿಗ. ಇದು ನನ್ನಂಥವರಿಗೆ ಹೇಳಿದ್ದಲ್ಲ ಎಂದುಕೊಂಡೆ. ನಾಲ್ಕು ದಿನ ಕಾಲೇಜಿಗೆ ಹೋಗಲಿಲ್ಲ. ಐದನೆಯ ದಿನ ಸಂಜೆ, ಬೊಂಬಾಯಿಯ ಹೋಟೆಲಿಗೆ ಹೋಗುತ್ತೇನೆ ಎಂದು ಅಮ್ಮನಿಗೆ ಹೇಳಿದೆ. ಆ ಕಾಲದಲ್ಲಿ ನಮ್ಮ ಕಡೆಯ ಹುಡುಗರಿಗೆ ಅದು ತೆರೆದೇ ಇದ್ದ ಬಾಗಿಲು.

ಅಮ್ಮ ಜಗಲಿಯಲ್ಲಿ ತಡ್ಪೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಅವಳಿಗೆ ಓದು ಬಾರದು. ಕೈ ನಿಲ್ಲಿಸದೆ ತುಳುವಿನಲ್ಲಿ ಕೇಳಿದಳು: "ದಾದ?" ಏನು ಬರೆದೆ ಅದರಲ್ಲಿ?

"ಬ್ಯಾಂಕುಗಳ ಬಗ್ಗೆ" ಎಂದೆ.

"ಬ್ಯಾಂಕುಗಳ ಬಗ್ಗೆ ಏನು?"

ನನ್ನಲ್ಲಿ ಉತ್ತರವಿರಲಿಲ್ಲ. ಎಂಟು ಪುಟ ಬರೆದಿದ್ದೆ. ಅದರಲ್ಲಿ ಹೇಳಿದ್ದೇನು ಎಂದು ಒಂದು ವಾಕ್ಯದಲ್ಲಿ ಹೇಳಲಾಗಲಿಲ್ಲ.

ಮಕ್ಕಳೇ, ಇದು ಪ್ರಬಂಧದ ಮೊದಲ ಪಾಠ. ವಿಷಯ ಬೇರೆ, ಪ್ರಬಂಧದ ಮಾತು ಬೇರೆ. "ಬ್ಯಾಂಕುಗಳು" ಎನ್ನುವುದು ವಿಷಯ. ಅದರ ಬಗ್ಗೆ ನೀವು ಹೇಳುವುದೇನು ಎಂಬುದು ಮಾತು. ಆ ಮಾತು ಒಂದೇ ವಾಕ್ಯದಲ್ಲಿ ಬರಬೇಕು, ಮತ್ತು ಅದನ್ನು ಕೇಳಿದವರು "ಹೌದಾ? ಹೇಗೆ?" ಎನ್ನುವಂತಿರಬೇಕು. "ಬ್ಯಾಂಕುಗಳು ಬಹಳ ಮುಖ್ಯ" ಎಂದರೆ ಯಾರೂ ಹೌದಾ ಎನ್ನುವುದಿಲ್ಲ; ಆಕಳಿಸುತ್ತಾರೆ.

ಅಮ್ಮನೇ ಮುಂದೆ ಹೇಳಿದಳು. ನಮ್ಮ ಓಣಿಗೆ ದಿನವೂ ಪಿಗ್ಮಿ ಸಂಗ್ರಹಿಸುವವರು ಸೈಕಲಿನಲ್ಲಿ ಬರುತ್ತಿದ್ದರು. ಅಮ್ಮ ದಿನಕ್ಕೆ ಎಂಟಾಣೆ ಕೊಡುತ್ತಿದ್ದಳು. "ಅವರು ಬಾಗಿಲಿಗೆ ಬರ್ತಾರೆ, ಅದಕ್ಕೆ ಕೊಡ್ತೇನೆ. ನಾನೇ ಬ್ಯಾಂಕಿಗೆ ಹೋಗಬೇಕಾದ್ರೆ ಅರ್ಧ ದಿನದ ಬೀಡಿ ಹೋಗ್ತದೆ. ಬರೀಲಿಕ್ಕೆ ಬರುವುದಿಲ್ಲ ಅಂತ ಅಲ್ಲಿ ನಾಚಿಕೆ ಬೇರೆ."

ಗ್ರಂಥಾಲಯದಲ್ಲಿ ಮೂರು ದಿನ ಹುಡುಕಿದ್ದು ಅವಳ ತಡ್ಪೆಯ ಪಕ್ಕದಲ್ಲೇ ಇತ್ತು. ಆ ರಾತ್ರಿ ಹೊಸ ಹಾಳೆಯ ಮೇಲೆ ಒಂದು ವಾಕ್ಯ ಬರೆದೆ: "ನಮ್ಮ ಜಿಲ್ಲೆಯ ಬಡವರು ಬ್ಯಾಂಕಿಗೆ ಹೋದದ್ದಲ್ಲ, ಬ್ಯಾಂಕೇ ಬಡವರ ಬಾಗಿಲಿಗೆ ಬಂದದ್ದರಿಂದ ಸಣ್ಣ ಉಳಿತಾಯ ಇಲ್ಲಿ ಬೇರೂರಿತು."

ಇನ್ನು ಎರಡನೆಯ ಪ್ರಶ್ನೆ. "ದಾಯೆ?" ಯಾಕೆ? ನಿಮ್ಮ ವಾಕ್ಯಕ್ಕೆ ಕಾರಣಗಳು ಬೇಕು. ಎರಡೋ ಮೂರೋ ಸಾಕು, ಏಳು ಬೇಡ. ಒಂದೊಂದು ಕಾರಣಕ್ಕೆ ಒಂದೊಂದು ಪ್ಯಾರಾ. ನಾನು ಮೂರು ಬರೆದುಕೊಂಡೆ: ದಿನಗೂಲಿಯವರ ಕೈಗೆ ಹಣ ಬರುವುದೇ ದಿನದಿನಕ್ಕೆ ಮತ್ತು ಚಿಲ್ಲರೆಯಾಗಿ, ಬ್ಯಾಂಕಿಗೆ ಹೋಗಿಬರುವುದೆಂದರೆ ಅವರಿಗೆ ಕೂಲಿಯ ನಷ್ಟ, ಓದು ಬಾರದವರಿಗೆ ಅರ್ಜಿ ನಮೂನೆಗಿಂತ ಪರಿಚಯದ ಮುಖದ ಮೇಲೆ ನಂಬಿಕೆ. ಪ್ರತಿ ಪ್ಯಾರಾದ ಮೊದಲ ವಾಕ್ಯದಲ್ಲೇ ಆ ಕಾರಣ ಬಂದುಬಿಡಬೇಕು. ಓದುವವರು ಮೊದಲ ವಾಕ್ಯಗಳನ್ನಷ್ಟೇ ಓದಿಕೊಂಡು ಹೋದರೂ ಪ್ರಬಂಧದ ಎಲುಬುಗೂಡು ಸಿಗಬೇಕು.

ಮೂರನೆಯದು, "ಎಂಚ?" ಹೇಗೆ? ನೀನು ಹೇಳಿದ್ದು ನಿಜವೆಂದು ಹೇಗೆ ಗೊತ್ತು? ಇದು ಆಧಾರದ ಪ್ರಶ್ನೆ. ನನ್ನ ಪಂಚಾಂಗಕ್ಕೆ ಕೆಲಸ ಸಿಕ್ಕಿದ್ದು ಇಲ್ಲಿ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಆರಂಭಿಸಿದ್ದು ಎಂಟು ಸಾವಿರ ರೂಪಾಯಿ ಬಂಡವಾಳದಿಂದ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಬೇಕೆಂಬ ಉದ್ದೇಶದಿಂದ. 1928ರಲ್ಲಿ ಪಿಗ್ಮಿ ಠೇವಣಿ ಬಂತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಮನೆಬಾಗಿಲಲ್ಲೇ ಸ್ವೀಕರಿಸುತ್ತಿದ್ದರು. ಈಗ ಲೆಕ್ಕ ಹಾಕಿ. ಹದಿನಾರಾಣೆಗೆ ಒಂದು ರೂಪಾಯಿ. ದಿನಕ್ಕೆ ಎರಡಾಣೆಯಂತೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಎರಡಾಣೆಯಾಗಿ ಕೈಯಲ್ಲಿದ್ದರೆ ಸಂಜೆಯೊಳಗೆ ಖರ್ಚಾಗುವ ಹಣ, ಕೂಡಿದಾಗ ಮಳೆಗಾಲಕ್ಕೆ ಮುಂಚೆ ಮಾಡು ಹೊದಿಸುವ ಹಣವಾಗುತ್ತದೆ.

ಗಮನಿಸಿ. ಇದೇ ಇಸವಿಗಳು ಮೊದಲ ಪ್ರಬಂಧದಲ್ಲೂ ಇದ್ದವು. ಅಲ್ಲಿ ಅವು ಸಾಲಾಗಿ ನಿಂತ ಪಟ್ಟಿ. ಇಲ್ಲಿ ಒಂದು ಮಾತಿಗೆ ಸಾಕ್ಷಿ ಹೇಳುತ್ತಿವೆ. ಸಾಕ್ಷಿ ಹೇಳದ ಮಾಹಿತಿ ಎಷ್ಟೇ ಸರಿಯಿದ್ದರೂ ಅದನ್ನು ಬಿಟ್ಟುಬಿಡಿ. ಕಷ್ಟಪಟ್ಟು ಹುಡುಕಿದ್ದನ್ನು ಬಿಡಲು ಹೊಟ್ಟೆ ಉರಿಯುತ್ತದೆ. ಬಿಡಲೇಬೇಕು. ನಾನು ಐದು ಬ್ಯಾಂಕುಗಳಲ್ಲಿ ನಾಲ್ಕನ್ನು ಬಿಟ್ಟೆ. ಅಂಕಿ ಇಟ್ಟು ಸುಮ್ಮನೆ ಮುಂದೆ ಹೋಗಬೇಡಿ. ಅದರಿಂದ ಏನು ತಿಳಿಯುತ್ತದೆ ಎಂದು ಒಂದು ವಾಕ್ಯ ಬರೆಯಿರಿ. ಕಾರಣ, ಆಧಾರ, ಆಧಾರದ ಅರ್ಥ: ಈ ಮೂರು ಇದ್ದರೆ ಅದು ಪ್ಯಾರಾ.

ಕಾರ್ಕಳದ ಚತುರ್ಮುಖ ಬಸದಿಗೆ ನೀವೆಲ್ಲ ಪ್ರವಾಸ ಹೋಗಿದ್ದೀರಿ. ಇಮ್ಮಡಿ ಭೈರರಸ 1586ರಲ್ಲಿ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೂ ಒಂದೇ ರೀತಿಯ ಬಾಗಿಲು. ಯಾವ ಬಾಗಿಲಿಂದ ಹೋದರೂ ಎದುರಿಗೆ ಕಾಣುವುದು ಅದೇ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಬಿಂಬಗಳು. ಬಿಎ ತರಗತಿಗೆ ಪ್ಯಾರಾ ಎಂದರೇನು ಎಂದು ವಿವರಿಸುವಾಗ ನಾನು ಈ ಬಸದಿಯ ಹೆಸರು ಹೇಳುತ್ತಿದ್ದೆ. ಪ್ಯಾರಾಗಳು ಬೇರೆ ಬೇರೆ ದಿಕ್ಕಿನ ಬಾಗಿಲುಗಳಾಗಿರಲಿ. ಒಳಗೆ ಕಾಣುವುದು ಒಂದೇ ಮಾತಾಗಿರಲಿ. ಒಂದು ಪ್ಯಾರಾದಿಂದ ಆ ಮಾತು ಕಾಣಿಸುವುದಿಲ್ಲವೆಂದರೆ ಆ ಬಾಗಿಲು ತಪ್ಪು ಗೋಡೆಯಲ್ಲಿದೆ.

ಕಾರಣ ಹೇಳಿ ಆಧಾರ ಕೊಟ್ಟರೂ ಇನ್ನೊಂದು ಕೆಲಸ ಉಳಿಯುತ್ತದೆ. ತಾಳಮದ್ದಳೆ ಕೇಳಿದವರಿಗೆ ಇದು ಗೊತ್ತು. ಒಳ್ಳೆಯ ಅರ್ಥಧಾರಿ ಎದುರಾಳಿಯ ಮಾತನ್ನು ಪೂರ್ತಿ ಕೇಳುತ್ತಾರೆ. ಅದನ್ನು ತಾವೇ ಇನ್ನಷ್ಟು ಬಲವಾಗಿ ಹೇಳುತ್ತಾರೆ. ಆಮೇಲೆ ಉತ್ತರ ಕೊಡುತ್ತಾರೆ. ಶಾಸ್ತ್ರದವರು ಇದನ್ನು ಪೂರ್ವಪಕ್ಷ, ಸಿದ್ಧಾಂತ ಎಂದು ಕರೆದರು. ಉಡುಪಿಯ ಮಠಗಳಲ್ಲಿ ಇಂದಿಗೂ ಪಾಠ ನಡೆಯುವುದು ಆ ಕ್ರಮದಲ್ಲೇ. ನಿಮ್ಮ ಮಾತಿಗೆ ಬರಬಹುದಾದ ಒಂದು ಗಟ್ಟಿ ಆಕ್ಷೇಪವನ್ನು ನೀವೇ ಬರೆದು, ನಾಲ್ಕೈದು ವಾಕ್ಯದಲ್ಲಿ ಉತ್ತರಿಸಿ. ನನ್ನ ಪ್ರಬಂಧವನ್ನು ಈಗ ಬರೆದರೆ ಆಕ್ಷೇಪ ಹೀಗಿರುತ್ತದೆ: "ಇಂದು ಹಣ ಮೊಬೈಲಿನಲ್ಲೇ ಹೋಗುತ್ತದೆ, ಬಾಗಿಲಿಗೆ ಬರುವವರು ಯಾಕೆ?" ಉತ್ತರ: ಮೊಬೈಲು ಹಣ ಕಳಿಸುವುದನ್ನು ಸುಲಭ ಮಾಡಿತು, ಖರ್ಚು ಮಾಡುವುದನ್ನೂ ಅಷ್ಟೇ ಸುಲಭ ಮಾಡಿತು. "ಇವತ್ತು ಹಾಕುವುದಿಲ್ಲವಾ ಅಕ್ಕಾ?" ಎಂದು ಅದು ಕೇಳುವುದಿಲ್ಲ. ಆಕ್ಷೇಪಕ್ಕೆ ಉತ್ತರ ಹೊಳೆಯದಿದ್ದರೆ ಹೆದರಬೇಡಿ. ನಿಮ್ಮ ಮೊದಲ ವಾಕ್ಯವನ್ನು ಸ್ವಲ್ಪ ತಿದ್ದಬೇಕು ಎಂದಷ್ಟೇ ಅದರ ಅರ್ಥ.

ನಾಲ್ಕನೆಯ ಪ್ರಶ್ನೆ, "ಅಂಚಾಂಡ?" ಹಾಗಾದರೆ? ಹಾಗಾದರೆ ಏನಾಯಿತು ಈಗ? ಇದು ಉಪಸಂಹಾರ. ಹತ್ತನೆಯ ತರಗತಿಯಲ್ಲಿ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಕಲಿತಿದ್ದೀರಿ. ಆ ಮೂರು ಹೆಸರುಗಳು ಸರಿಯೇ, ಕಾಲೇಜಿನಲ್ಲೂ ಅವೇ. ನಾವು ತಪ್ಪುವುದು ಎಲ್ಲೆಂದರೆ, ಪೀಠಿಕೆಯಲ್ಲಿ ಹೇಳಿದ್ದನ್ನೇ "ಒಟ್ಟಿನಲ್ಲಿ" ಎಂಬ ಪದ ಸೇರಿಸಿ ಉಪಸಂಹಾರದಲ್ಲಿ ಮತ್ತೆ ಬರೆಯುತ್ತೇವೆ. ಬೇಡ. ಓದುವವರು ಇಷ್ಟು ದೂರ ನಿಮ್ಮ ಜೊತೆ ಬಂದಿದ್ದಾರೆ. ಬಂದದ್ದರಿಂದ ಏನು ತಿಳಿಯಿತು ಎಂದು ಹೇಳಿ. ನಾನು ಬರೆದದ್ದು: "ಜನರಲ್ಲಿ ಉಳಿತಾಯದ ಬುದ್ಧಿ ಇಲ್ಲ ಎನ್ನುವ ಮೊದಲು, ಉಳಿಸುವ ದಾರಿ ಅವರ ಬಾಗಿಲವರೆಗೆ ಇದೆಯೇ ಎಂದು ನೋಡಬೇಕು."

ಪೀಠಿಕೆಯ ಬಗ್ಗೆ ಒಂದು ಕಿವಿಮಾತು. ಅದನ್ನು ಕೊನೆಗೆ ಬರೆಯಿರಿ. ಪರೀಕ್ಷೆಯಲ್ಲಾದರೆ ಆರು ಗೆರೆ ಖಾಲಿ ಬಿಟ್ಟು ಮುಂದೆ ಹೋಗಿ. ನೀವು ಏನು ಹೇಳಿದಿರಿ ಎಂದು ನಿಮಗೇ ಗೊತ್ತಾಗುವುದು ಬರೆದು ಮುಗಿದ ಮೇಲೆ. "ಅನಾದಿ ಕಾಲದಿಂದಲೂ" ಎಂದು ಆರಂಭಿಸಬೇಡಿ. ಅನಾದಿ ಕಾಲದಿಂದ ಇಲ್ಲಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ವಿಷಯ ಯಾವುದು, ಪ್ರಶ್ನೆ ಏನು, ನನ್ನ ಮಾತೇನು, ಈ ಮೂರು ಸಾಕು.

ಐನೂರು ಪದದ ಪ್ರಬಂಧಕ್ಕೆ ಅಳತೆ ಬೇಕಾದರೆ ಬರೆದುಕೊಳ್ಳಿ. ಪೀಠಿಕೆಗೆ ಅರವತ್ತೈದು, ಮೂರು ಪ್ಯಾರಾಗಳಿಗೆ ತಲಾ ನೂರ ಹತ್ತು, ಆಕ್ಷೇಪ ಮತ್ತು ಉತ್ತರಕ್ಕೆ ಐವತ್ತು, ಉಪಸಂಹಾರಕ್ಕೆ ಐವತ್ತೈದು. ಅರ್ಧ ಗಂಟೆ ಇದ್ದರೆ ಮೊದಲ ಐದು ನಿಮಿಷ ಪೆನ್ನು ಉತ್ತರದ ಹಾಳೆ ಮುಟ್ಟಬಾರದು. ಪ್ರಶ್ನೆಯ ಕೊನೆಯ ಪದ ನೋಡಿ. "ವಿವರಿಸಿ" ಎಂದಿದೆಯೋ, "ಹೋಲಿಸಿ" ಎಂದಿದೆಯೋ, "ಚರ್ಚಿಸಿ" ಎಂದಿದೆಯೋ? ಚರ್ಚಿಸಿ ಎಂದರೆ ಎರಡೂ ಪಕ್ಷ ಬೇಕು. ಹೋಲಿಸಿ ಎಂದರೆ ಮೊದಲ ಅರ್ಧ ಒಂದರ ವರ್ಣನೆ, ಉಳಿದರ್ಧ ಇನ್ನೊಂದರ ವರ್ಣನೆ ಅಲ್ಲ. ಪ್ರತಿ ಪ್ಯಾರಾದಲ್ಲೂ ಎರಡನ್ನೂ ಎದುರುಬದುರು ನಿಲ್ಲಿಸಬೇಕು. ಆಮೇಲೆ ಒಂದು ಮಾತು, ಮೂರು ಕಾರಣ, ಅವಕ್ಕೆ ಆಧಾರ, ಒಂದು ಆಕ್ಷೇಪವನ್ನು ಕೊನೆಯ ಪುಟದಲ್ಲಿ ಗುರುತು ಹಾಕಿ. ಕೊನೆಯ ಐದು ನಿಮಿಷ ಓದಿ ತಿದ್ದಲು.

ಕನ್ನಡ ಮಾಧ್ಯಮದಿಂದ ಹೋದ ಮಕ್ಕಳು ಕೇಳುತ್ತಾರೆ: "ಸರ್, ಇಂಗ್ಲಿಷಿನಲ್ಲಿ ಬರೆಯಬೇಕಲ್ಲ?" ಬರೆಯಿರಿ. ಆದರೆ ಎಲುಬುಗೂಡನ್ನು ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಕಟ್ಟಿಕೊಳ್ಳಿ. ಎಷ್ಟೋ ಉತ್ತರಪತ್ರಿಕೆಗಳಲ್ಲಿ ಒಳ್ಳೆಯ ಇಂಗ್ಲಿಷ್ ಇತ್ತು, ಮಾತು ಇರಲಿಲ್ಲ. ತಪ್ಪು ಇಂಗ್ಲಿಷಿನಲ್ಲಿ ಗಟ್ಟಿ ಮಾತು ಹೇಳಿದ ಮಕ್ಕಳ ಭಾಷೆ ಮೂರು ವರ್ಷದಲ್ಲಿ ಸರಿಹೋದದ್ದನ್ನು ಕಂಡಿದ್ದೇನೆ. ಮಣಿಪಾಲದ ಗುಡ್ಡದ ಮೇಲಿನ ದೊಡ್ಡ ಕಟ್ಟಡಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ, ಅಲ್ಲಿ ಓದುವವರು ಬೇರೆಯೇ ಜನ ಎಂದುಕೊಳ್ಳಬೇಡಿ. ನಮ್ಮ ಶಾಲೆಯ ಮಕ್ಕಳೂ ಅಲ್ಲಿಗೆ ಹೋಗಿ ಓದಿ ಬಂದಿದ್ದಾರೆ.

ಇನ್ನು ಕೆಲವರು ಕೇಳುವುದು: "ಮೊಬೈಲಿಗೆ ಹೇಳಿದರೆ ಅದೇ ಬರೆದುಕೊಡುತ್ತದಲ್ಲ?" ಕೊಡುತ್ತದೆ. ನಮ್ಮ ಕಾಲದಲ್ಲಿ ಗೈಡು ಕೊಡುತ್ತಿತ್ತು. ಆದರೆ "ದಾದ?" ಎಂದು ಎದುರಿಗೆ ನಿಂತು ಕೇಳಿದಾಗ ಉತ್ತರ ಹೇಳಬೇಕಾದವರು ನೀವು. ಬೇರೆಯವರ ಪುಸ್ತಕದಿಂದ ತೆಗೆದದ್ದಾದರೆ ಅವರ ಹೆಸರು ಹೇಳಿ ಬರೆಯಿರಿ; ಹೆಸರು ಹೇಳಿದರೆ ಅದು ಆಧಾರ, ಹೇಳದಿದ್ದರೆ ಕಳವು.

ನಮ್ಮ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ಮುದ್ದಣ ಕವಿಯ ಬಗ್ಗೆ ಕೇಳಿದ್ದೀರಿ. ಕಾಪುವಿನ ದೀಪಸ್ತಂಭ ಆದದ್ದೂ ಅವರು ತೀರಿಕೊಂಡದ್ದೂ ಒಂದೇ ವರ್ಷ, 1901ರಲ್ಲಿ. ಅವರ ರಾಮಾಶ್ವಮೇಧದಲ್ಲಿ ಕಥೆ ಹೇಳುವ ಮುದ್ದಣನ ಪಕ್ಕದಲ್ಲಿ ಹೆಂಡತಿ ಮನೋರಮೆ ಕುಳಿತಿರುತ್ತಾಳೆ. ಗಂಡ ಬಿಗಿ ಭಾಷೆಗೆ ಹೊರಟರೆ ತಡೆಯುತ್ತಾಳೆ, ಅರ್ಥವಾಗದಿದ್ದರೆ ಕೇಳುತ್ತಾಳೆ, ತಮಾಷೆ ಮಾಡುತ್ತಾಳೆ. ಆ ಗದ್ಯ ನೂರು ವರ್ಷ ಕಳೆದರೂ ಜೀವಂತವಾಗಿರುವುದು ಅವಳಿಂದ. ಬರೆಯುವಾಗ ಪಕ್ಕದಲ್ಲಿ ಒಬ್ಬ ಮನೋರಮೆಯನ್ನು ಕೂರಿಸಿಕೊಳ್ಳಿ. ನನಗೆ ಅಮ್ಮ ಸಿಕ್ಕಿದಳು.

ಎರಡನೆಯ ಸಲ ಬರೆದ ಪ್ರಬಂಧವನ್ನು ಹೆದರುತ್ತಲೇ ಕೊಟ್ಟೆ. ಅದೇ ಉಪನ್ಯಾಸಕರು ಮತ್ತೆ ತಿದ್ದಿ ಹದಿಮೂರು ಅಂಕ ಕೊಟ್ಟರು. ಷರಾ ಇರಲಿಲ್ಲ. ಬೊಂಬಾಯಿಗೆ ಹೋಗುವ ಮಾತು ಅಲ್ಲಿಗೆ ನಿಂತಿತು.

ಮುಗಿಸುವ ಮುಂಚೆ ಇನ್ನೊಂದು ಹೇಳಬೇಕು. ಬಹಳ ವರ್ಷಗಳ ನಂತರ ಅಮ್ಮನ ಕಣ್ಣು ಮಂಜಾಗಿ ಬೀಡಿ ಬಿಟ್ಟಳು. ಅವಳ ಭವಿಷ್ಯನಿಧಿಯ ಹಣ ಬರಬೇಕಿತ್ತು. ಒಂದು ದಾಖಲೆಯಲ್ಲಿ ತವರಿನ ಹೆಸರು, ಇನ್ನೊಂದರಲ್ಲಿ ಗಂಡನ ಮನೆಯ ಹೆಸರು, ಹಣ ತಡೆಯಾಯಿತು. ಮೂರು ಅರ್ಜಿ ಬರೆದೆ. ಮೂರರಲ್ಲೂ ಅಮ್ಮನ ಕಷ್ಟ, ನಮ್ಮ ಅಲೆದಾಟ, ನನ್ನ ಸಿಟ್ಟು ತುಂಬಿತ್ತು. ಮೂರೂ ವಾಪಸು ಬಂದವು. ಕಾಲೇಜಿನಲ್ಲಿ ಪ್ರಬಂಧದ ಪಾಠ ಮಾಡುವವನೇ ಹಾಗೆ ಬರೆದಿದ್ದೆ. ಒಂದು ರಾತ್ರಿ ಅಮ್ಮ ಮತ್ತೆ ಕೇಳಿದಳು, "ದಾದ ಬರೆದಿದ್ದಿ ಅದರಲ್ಲಿ?"

ನಾಲ್ಕನೆಯ ಅರ್ಜಿ ಒಂದೇ ಪುಟ. ಮೊದಲ ವಾಕ್ಯ: ಈ ಎರಡು ಹೆಸರುಗಳು ಒಬ್ಬಳೇ ವ್ಯಕ್ತಿಯವು. ಆಮೇಲೆ ಮೂರು ಆಧಾರ, ಒಂದೊಂದಕ್ಕೂ ಒಂದು ದಾಖಲೆಯ ಪ್ರತಿ. ಅದೇ ಹೆಸರಿನ ಬೇರೆಯವರು ಇರಬಹುದಲ್ಲ ಎಂಬ ಆಕ್ಷೇಪಕ್ಕೆ ಉತ್ತರ. ಹಾಗಾದರೆ ಕಚೇರಿ ಮಾಡಬೇಕಾದದ್ದೇನು ಎಂಬ ಕೋರಿಕೆ. ಆರು ವಾರದಲ್ಲಿ ಹಣ ಬಂತು. ಅದು ಪ್ರಬಂಧದ ಬಲವೋ ಹೊಸದಾಗಿ ಬಂದ ಗುಮಾಸ್ತರ ಒಳ್ಳೆಯತನವೋ ಹೇಳಲಾರೆ. ಆದರೆ ಓದಿದವರಿಗೆ "ಯಾಕೆ" ಎಂದು ಕೇಳಲು ಏನೂ ಉಳಿದಿರಲಿಲ್ಲ.

ಮಕ್ಕಳೇ, ಅಂಕ ಬೇಕು, ನಿಜ. ಆದರೆ ನಿಮ್ಮಲ್ಲಿ ಹಲವರು ಮನೆಯಲ್ಲಿ ಮೊದಲ ಬಾರಿಗೆ ಬರೆಯಬಲ್ಲವರು. ಓಣಿಯ ನೀರಿಗೆ, ದೋಣಿಯ ಸಹಾಯಧನಕ್ಕೆ, ಅಜ್ಜಿಯ ಪಿಂಚಣಿಗೆ ನಾಳೆ ನಿಮ್ಮ ಬಳಿಗೇ ಕಾಗದ ಹಿಡಿದು ಬರುತ್ತಾರೆ. ಆಗ ನಿಮ್ಮ ಪುಟದಲ್ಲಿ ಒಂದು ಮಾತು, ಅದಕ್ಕೆ ಕಾರಣ, ಕಾರಣಕ್ಕೆ ಆಧಾರ ಇರಲಿ.

ಇವತ್ತು ಮನೆಗೆ ಹೋಗಿ ನಿಮ್ಮ ಹಳೆಯ ಪ್ರಬಂಧವೊಂದನ್ನು ತೆಗೆದುಕೊಂಡು ಅಮ್ಮನ ಎದುರು ಕುಳಿತುಕೊಳ್ಳಿ. ಅದರಲ್ಲಿ ಏನಿದೆ ಎಂದು ಅವರಿಗೆ ಒಂದೇ ವಾಕ್ಯದಲ್ಲಿ ಹೇಳಿ. ಹೇಳಲಾಗದಿದ್ದರೆ ನಾಚಬೇಡಿ. ನನಗೂ ಆಗಿರಲಿಲ್ಲ.